ಪಿಕಪ್ ಕೊಳ್ಳುವ ಮುನ್ನ ತೂಕದ ಲೆಕ್ಕ, ಕೊಂಡ ಮೇಲೆ ಸ್ಪ್ರಿಂಗ್ ಪ್ಲೇಟಿನ ಜೋಪಾನ

ಒಂದೂಕಾಲು ಟನ್ನಿನಿಂದ ಎರಡು ಟನ್ ಹೊರುವ ಪಿಕಪ್ ನೋಡಲು ಹೋದವರು ಮೊದಲು ಮೈಲೇಜ್ ಕೇಳುತ್ತಾರೆ, ಆಮೇಲೆ ಕಂತು. ಅದಕ್ಕಿಂತ ಮುಂಚೆ ಕೇಳಬೇಕಾದದ್ದು ತೂಕ. ಆರ್‌ಸಿಯಲ್ಲಿ ಎರಡು ಅಂಕಿ ಇರುತ್ತವೆ. ಅನ್‌ಲೇಡನ್ ವೇಟ್ ಅಂದರೆ ಖಾಲಿ ಗಾಡಿಯ ತೂಕ; ಲೇಡನ್ ವೇಟ್ ಅಂದರೆ ಜನ, ಸಾಮಾನು ಎಲ್ಲ ಸೇರಿ ರಸ್ತೆಯ ಮೇಲೆ ಇರಬಹುದಾದ ಒಟ್ಟು ತೂಕ. ಇವೆರಡರ ವ್ಯತ್ಯಾಸ ಪೂರ್ತಿ ಸರಕಿಗೆ ಸಿಗುವುದಿಲ್ಲ, ಬಹಳ ಜನ ತಪ್ಪುವುದೇ ಇಲ್ಲಿ.

ಉದಾಹರಣೆಗೆ ಖಾಲಿ ತೂಕ 1700 ಕೆಜಿ, ಒಟ್ಟು ತೂಕ 2990 ಕೆಜಿ ಅಂದುಕೊಳ್ಳಿ. ವ್ಯತ್ಯಾಸ 1290. ಡ್ರೈವರ್, ಕ್ಲೀನರ್ ಇಬ್ಬರಿಗೆ 140 ಕಳೆಯಿರಿ. ಕೊಂಡ ಮೇಲೆ ಕಟ್ಟಿಸಿದ ಪೈಪಿನ ಗೂಡಿಗೆ 100, ಟಾರ್ಪಾಲು ಹಗ್ಗಕ್ಕೆ 10. ಉಳಿದದ್ದು 1040. ಕೋಲಾರದ ಮಾರುಕಟ್ಟೆಯ ಲೆಕ್ಕದಲ್ಲಿ ಟೊಮೆಟೊ ಬಾಕ್ಸಿಗೆ 15 ಕೆಜಿ ಹಣ್ಣು, ಬಾಕ್ಸಿನ ತೂಕ ಸೇರಿ 17 ಹಿಡಿದರೆ 61 ಬಾಕ್ಸ್. ಸಿಮೆಂಟ್ ಆದರೆ 20 ಮೂಟೆ. ಎಂ-ಸ್ಯಾಂಡ್‌ನದು ಇನ್ನೂ ಮೋಸದ ಲೆಕ್ಕ: ಒಂದು ಘನ ಅಡಿಗೆ ಸುಮಾರು 45 ಕೆಜಿ. ಒಂಬತ್ತು ಅಡಿ ಉದ್ದ, ಐದೂವರೆ ಅಡಿ ಅಗಲದ ಬಾಡಿಯಲ್ಲಿ ಮರಳು ಅರ್ಧ ಅಡಿ ಏರುವಷ್ಟರಲ್ಲೇ ಗಾಡಿಯ ಮಿತಿ ಮುಗಿದಿರುತ್ತದೆ. ಬಾಡಿ ಮಟ್ಟಕ್ಕೆ ತುಂಬಿದರೆ ಮೂರು ಟನ್ ದಾಟುತ್ತದೆ. ಮಳೆಯಲ್ಲಿ ನೆಂದ ಮರಳಿಗೆ ಇನ್ನೂ ಹೆಚ್ಚು.

ನಿಮ್ಮ ವಾರದ ಅತಿ ಭಾರದ ಲೋಡು ಎಷ್ಟೆಂದು ಬರೆದಿಟ್ಟುಕೊಂಡು ಗಾಡಿ ಆರಿಸಿ. ಒಟ್ಟು ತೂಕ 3000 ಕೆಜಿ ಮೀರದ ಸರಕು ವಾಹನಕ್ಕೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಪರ್ಮಿಟ್ ಬೇಕಿಲ್ಲ, ಮೀರಿದರೆ ಬೇಕು. ಡ್ರೈವಿಂಗ್ ಲೈಸೆನ್ಸ್ ವಿಷಯದಲ್ಲಿ ಗೊಂದಲ ಮುಗಿದಿದೆ: 7500 ಕೆಜಿವರೆಗಿನ ಸಾರಿಗೆ ವಾಹನ ಓಡಿಸಲು ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಸಾಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. ಓವರ್‌ಲೋಡಿಗೆ ಕಾಯ್ದೆಯಲ್ಲಿರುವ ದಂಡ 20,000 ರೂಪಾಯಿ, ಜೊತೆಗೆ ಮೀರಿದ ಪ್ರತಿ ಟನ್ನಿಗೆ 2,000.

ಗಾಡಿಗಳಲ್ಲಿ ಬೊಲೆರೊ ಪಿಕಪ್‌ನ 2523 ಸಿಸಿ ನಾಲ್ಕು ಸಿಲಿಂಡರಿನ ಇಂಜಿನ್ ಬಾನೆಟ್ಟಿನ ಕೆಳಗಿದೆ, ಹಳ್ಳಿಯ ಮೆಕ್ಯಾನಿಕ್ಕಿಗೂ ಕೈ ಹಾಕಲು ಜಾಗವಿದೆ. ಅಶೋಕ್ ಲೇಲ್ಯಾಂಡ್ ದೋಸ್ತ್‌ನ 1478 ಸಿಸಿ ಮೂರು ಸಿಲಿಂಡರಿನ ಇಂಜಿನ್ ಸೀಟಿನ ಕೆಳಗೆ ಕೂತಿದೆ. ಮೂತಿ ಗಿಡ್ಡವಾದ್ದರಿಂದ ಪೇಟೆಯ ಗಲ್ಲಿಗಳಲ್ಲಿ ತಿರುಗಿಸುವುದು ಸುಲಭ. ಎರಡು ಟನ್ ಬೇಕೆನ್ನುವವರಿಗೆ ಟಾಟಾ ಯೋಧ 2.0 ಇದೆ. ನಮ್ಮ ಪ್ರಕಾರ ಇಂಜಿನ್ನಿನ ಹೋಲಿಕೆಗಿಂತ ನಿಮ್ಮೂರಿನಿಂದ 30 ಕಿಮೀ ಒಳಗೆ ಯಾವ ಗಾಡಿಯ ಸ್ಪೇರ್ ಪಾರ್ಟ್ಸ್ ಅವತ್ತೇ ಸಿಗುತ್ತದೆ ಅನ್ನುವುದು ದೊಡ್ಡ ವಿಷಯ. ತರಕಾರಿ ಹೊತ್ತ ಗಾಡಿ ಒಂದು ದಿನ ನಿಂತರೆ ಸರಕು ಕೊಳೆಯುತ್ತದೆ.

ಸೆಕೆಂಡ್‌ಹ್ಯಾಂಡ್ ಆದರೆ ಮೊದಲು ಅಡಿಗೆ ಮಲಗಿ ನೋಡಿ

ಬಣ್ಣ ಹೊಳೆಯುವ ಗಾಡಿಯ ನಿಜ ಸ್ಥಿತಿ ಚಾಸಿಯಲ್ಲಿರುತ್ತದೆ. ಟಾರ್ಚ್ ಹಿಡಿದು ಹಿಂದಿನ ಸ್ಪ್ರಿಂಗ್ ಕೂರುವ ಬ್ರಾಕೆಟ್‌ಗಳ ಸುತ್ತ, ಕ್ಯಾಬಿನ್ ಮುಗಿದು ಬಾಡಿ ಶುರುವಾಗುವ ಜಾಗದಲ್ಲಿ ನೋಡಿ. ಅಲ್ಲಿ ವೆಲ್ಡಿಂಗ್ ಗೆರೆ, ತೇಪೆ ಹಾಕಿದ ಪ್ಲೇಟು, ಒಂದೇ ಕಡೆ ಹೊಸ ಬಣ್ಣ ಕಂಡರೆ ಗಾಡಿ ಮಿತಿ ಮೀರಿ ದುಡಿದಿದೆ ಅಂತಲೇ ಲೆಕ್ಕ. ಬೆಲೆ ಇಳಿಸಿ ಕೊಳ್ಳುವುದಲ್ಲ, ಬಿಟ್ಟೇ ಬಿಡಿ. ಎರಡೂ ಕಡೆಯ ಸ್ಪ್ರಿಂಗ್ ಪ್ಲೇಟ್ ಎಣಿಸಿ. ಒಂದು ಕಡೆ ಹೆಚ್ಚಿದ್ದರೆ, ಅಥವಾ ಒಂದು ಪ್ಲೇಟಿನ ತುಕ್ಕು ಉಳಿದವುಗಳಿಗಿಂತ ಬೇರೆಯಾಗಿದ್ದರೆ ಆಮೇಲೆ ಸೇರಿಸಿದ್ದು.

ಮುಂದಿನ ಚಕ್ರ ಜಾಕ್ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟವಿದ್ದರೆ ಹಬ್ ಬೇರಿಂಗ್ ಅಥವಾ ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲ ತಿರುಗಲು ಆಧಾರವಾದ ಪಿನ್) ಸವೆದಿದೆ. ಯಾವುದೆಂದು ತಿಳಿಯಲು ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ: ಆಟ ನಿಂತರೆ ಬೇರಿಂಗ್, ಹಾಗೇ ಉಳಿದರೆ ಕಿಂಗ್‌ಪಿನ್. ಎಡಬಲ ಹಿಡಿದಾಗ ಆಟವಿದ್ದರೆ ಟೈರಾಡ್ ಎಂಡ್ (ಸ್ಟೀರಿಂಗಿನ ಕಡ್ಡಿ ಚಕ್ರಕ್ಕೆ ಸೇರುವ ಕೀಲು) ನೋಡಿ.

ಇಂಜಿನ್ ತಣ್ಣಗಿರುವಾಗಲೇ ಹೋಗಿ, ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿದ್ದಾರೆ. ಐಡಲ್‌ನಲ್ಲಿ ಆಯಿಲ್ ತುಂಬುವ ಮುಚ್ಚಳ ತೆಗೆದಾಗ ಹೊಗೆ ಬುಸುಬುಸು ಬಂದರೆ ರಿಂಗ್ ಸವೆದಿದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಕೂಲಂಟ್ ಕಡಿಮೆಯಾಗುತ್ತಿದೆಯೇ ನೋಡಿ. ಹೆಡ್ ಗ್ಯಾಸ್ಕೆಟ್ ಅನುಮಾನ.

ಕಾಗದದಲ್ಲಿ ಫೈನಾನ್ಸ್ ಹೈಪೊಥಿಕೇಶನ್ (ಗಾಡಿಯ ಮೇಲೆ ಸಾಲವಿದೆ ಎಂಬ ನಮೂದು) ತೆಗೆಸಿದ್ದಾರೆಯೇ, ಬಾಕಿ ಚಲನ್ ಎಷ್ಟು, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಯಾವತ್ತಿನವರೆಗೆ ಎಂದು ನೋಡಿ. ಎಂಟು ವರ್ಷದವರೆಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ.

ಪ್ಲೇಟ್ ಸೇರಿಸಿದರೆ ತಾಕತ್ತು ಹೆಚ್ಚುವುದಿಲ್ಲ

ಹೊಸ ಗಾಡಿ ತಂದ ವಾರದಲ್ಲೇ ಸ್ಪ್ರಿಂಗ್ ಅಂಗಡಿಗೆ ಹೋಗಿ ಎರಡು ಪ್ಲೇಟ್ ಜಾಸ್ತಿ ಹಾಕಿಸುವ ಅಭ್ಯಾಸ ಎಲ್ಲ ಕಡೆ ಇದೆ. ಇದನ್ನು ಬಿಡಬೇಕು ಅಂತ ಒತ್ತಿ ಹೇಳುವುದಕ್ಕೆ ಕಾರಣವಿದೆ. ಹೆಚ್ಚಿನ ಪ್ಲೇಟು ಹಿಂದಿನ ಬಾಡಿ ಕೂರದಂತೆ ತಡೆಯುತ್ತದೆ ಅಷ್ಟೆ. ಆಕ್ಸಲ್, ಹಬ್ ಬೇರಿಂಗ್, ಚಾಸಿ, ಟೈರು, ಬ್ರೇಕ್ ಯಾವುದೂ ದಪ್ಪವಾಗಿರುವುದಿಲ್ಲ. ಗಾಡಿ ಕೂತರೆ ಲೋಡು ಹೆಚ್ಚಾಯಿತೆಂದು ಕಣ್ಣಿಗೆ ಗೊತ್ತಾಗುತ್ತಿತ್ತು, ಆ ಗುರುತೂ ಹೋಗುತ್ತದೆ.

ಇನ್ನೊಂದು ಅಪಾಯ ಬ್ರೇಕಿನದು. ಬಹಳಷ್ಟು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ಲಿಗೂ ಚಾಸಿಗೂ ನಡುವೆ ಕಡ್ಡಿ ಕಟ್ಟಿದ ವಾಲ್ವ್ ಇರುತ್ತದೆ, ಎಲ್‌ಎಸ್‌ಪಿವಿ ಅನ್ನುತ್ತಾರೆ. ಗಾಡಿ ಎಷ್ಟು ಕೂತಿದೆ ಅನ್ನುವುದರ ಮೇಲೆ ಅದು ಹಿಂದಿನ ಬ್ರೇಕಿಗೆ ಒತ್ತಡ ಬಿಡುತ್ತದೆ. ಪ್ಲೇಟ್ ಸೇರಿಸಿದ ಗಾಡಿ ಕೂರುವುದೇ ಇಲ್ಲ. ಲೋಡ್ ಇಲ್ಲವೆಂದುಕೊಂಡ ವಾಲ್ವ್ ಒತ್ತಡ ತಗ್ಗಿಸುತ್ತದೆ. ಪೂರ್ತಿ ಭಾರವಿರುವಾಗ ಹಿಂದಿನ ಬ್ರೇಕ್ ಅರೆಬರೆ ಹಿಡಿಯುತ್ತದೆ, ಮುಂದಿನದೇ ಎಲ್ಲ ಹೊರಬೇಕು. ಸ್ಪ್ರಿಂಗ್ ಕೆಲಸ ಯಾವುದೇ ಆಗಲಿ, ಮುಗಿದ ಮೇಲೆ ಆ ಕಡ್ಡಿಯನ್ನು ಮ್ಯಾನುವಲ್‌ನಲ್ಲಿರುವ ಅಳತೆಗೆ ಹೊಂದಿಸಿಯೇ ಗಾಡಿ ಈಚೆಗೆ ತನ್ನಿ.

ಮುರಿದ ಪ್ಲೇಟಿನ ಬದಲಿಗೆ ಅದೇ ದಪ್ಪ, ಅದೇ ಬಾಗಿನದನ್ನು ಹಾಕಿಸಿ. ಸ್ಪ್ರಿಂಗನ್ನು ಆಕ್ಸಲ್ಲಿಗೆ ಕಟ್ಟುವ ಯು-ಬೋಲ್ಟ್ ಹಳೆಯದನ್ನೇ ಬಿಗಿಯಬೇಡಿ. ಒಮ್ಮೆ ಎಳೆದ ಬೋಲ್ಟ್ ಮತ್ತೆ ಅಷ್ಟೇ ಬಿಗಿ ಹಿಡಿಯುವುದಿಲ್ಲ. ಮೊದಲ ಲೋಡು ಇಳಿಸಿದ ಮೇಲೆ, ಮತ್ತೆ ಸುಮಾರು 500 ಕಿಮೀಗೆ ಬಿಗಿ ಪರೀಕ್ಷಿಸಿ. ಸಡಿಲ ಬಿಟ್ಟರೆ ಪ್ಲೇಟುಗಳ ನಡುವೆ ಹಾದ ಸೆಂಟರ್ ಬೋಲ್ಟ್ ತುಂಡಾಗುತ್ತದೆ, ಆಕ್ಸಲ್ ಹಿಂದೆ ಮುಂದೆ ಸರಿದು ಗಾಡಿ ಓರೆಯಾಗಿ ಓಡುತ್ತದೆ.

ಲೋಡು ಹಾಕುವಾಗ ಭಾರದ್ದು ಹಿಂದಿನ ಆಕ್ಸಲ್ಲಿಗಿಂತ ಮುಂದೆ, ಕ್ಯಾಬಿನ್ ಕಡೆಗೆ ಬರಲಿ. ಭಾರ ಬಾಲದ ಕಡೆ ಬಿದ್ದರೆ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ತೇಲುತ್ತದೆ. ವೇ ಬ್ರಿಜ್ಜಿನಲ್ಲಿ ಇಡೀ ಗಾಡಿಯ ಜೊತೆ ಹಿಂದಿನ ಚಕ್ರವಷ್ಟೇ ಇಟ್ಟೂ ಒಂದು ಸಲ ತೂಗಿಸಿ ನೋಡಿ, ನಿಮ್ಮ ಲೋಡಿಂಗ್ ಸರಿಯೇ ಎಂದು ಗೊತ್ತಾಗುತ್ತದೆ.

ಟೈರು, ಬ್ರೇಕು, ಘಾಟಿ

ಗಾಳಿ ಬೆಳಿಗ್ಗೆ ಗಾಡಿ ಓಡುವ ಮುಂಚೆ ನೋಡಬೇಕು. ಎಷ್ಟು ಅನ್ನುವುದು ಬಾಗಿಲಿನ ಸ್ಟಿಕ್ಕರಿನಲ್ಲೋ ಮ್ಯಾನುವಲ್‌ನಲ್ಲೋ ಇದೆ, ಖಾಲಿಗೂ ಲೋಡಿಗೂ ಬೇರೆ. ಬಿಸಿ ಟೈರಿನಲ್ಲಿ ಒತ್ತಡ ಏರಿರುವುದು ಸಹಜ, ಆಗ ಗಾಳಿ ಬಿಡಬೇಡಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ: 2323 ಅಂದರೆ 2023ರ 23ನೇ ವಾರದ್ದು. ರೀಸೋಲ್ ಟೈರನ್ನು (ಹಳೆ ಟೈರಿಗೆ ಹೊಸ ರಬ್ಬರ್ ಕೂರಿಸಿದ್ದು) ಮುಂದಿನ ಚಕ್ರಕ್ಕೆ ಎಂದೂ ಹಾಕಬೇಡಿ. ಚಕ್ರ ಬಿಚ್ಚಿ ಹಾಕಿದ ಮೇಲೆ 50-100 ಕಿಮೀಗೆ ನಟ್ ಮತ್ತೆ ಬಿಗಿಯಿರಿ.

ಚಾರ್ಮಾಡಿ, ಶಿರಾಡಿ ಇಳಿಯುವಾಗ ಹತ್ತಲು ಬೇಕಾದ ಗೇರಿನಲ್ಲೇ ಇಳಿಯಿರಿ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಿದರೆ ಇಂಜಿನ್ನಿನ ಹಿಡಿತ ಹೋಗುತ್ತದೆ. ಇಂಜಿನ್ನೇ ಆಫ್ ಮಾಡಿದರೆ ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಇಲ್ಲ, ಪವರ್ ಸ್ಟೀರಿಂಗೂ ಇಲ್ಲ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ಹಳೆಯದಾದಷ್ಟೂ ಬೇಗ ಕುದಿಯುತ್ತದೆ, ಕುದಿದರೆ ಪೆಡಲ್ ಪೂರ್ತಿ ಕೆಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಮಲೆನಾಡು ಕರಾವಳಿಯ ನಡುವೆ ಓಡುವ ಗಾಡಿಗೆ ಮಳೆಗಾಲದ ಮುಂಚೆ ಮಾಡಿಸುವುದು ಒಳ್ಳೆಯದು.

ಮೀನು ಸಾಗಿಸುವವರು ಇನ್ನೊಂದು ಗಮನಿಸಬೇಕು. ಐಸ್ ಕರಗಿದ ಉಪ್ಪುನೀರು ಬಾಡಿಯಿಂದ ಸೋರಿ ಸ್ಪ್ರಿಂಗ್, ಬ್ರೇಕ್ ಪೈಪು, ಚಾಸಿಯ ಮೇಲೇ ಬೀಳುತ್ತದೆ. ಆ ನೀರು ಒಂದೇ ಕಡೆಯಿಂದ ಚಕ್ರದ ಆಚೆ ಬೀಳುವಂತೆ ಪೈಪ್ ಕಟ್ಟಿ, ಪ್ರತಿ ಟ್ರಿಪ್ ಆದಮೇಲೆ ಅಡಿಭಾಗಕ್ಕೆ ಸಿಹಿನೀರು ಹೊಡೆಯಿರಿ. ಗೊಬ್ಬರ ಸಾಗಿಸಿದ ಗಾಡಿಗೂ ಇದೇ ಉಪಚಾರ, ರಬ್ಬರ್ ಮ್ಯಾಟ್ ಎತ್ತಿ ತೊಳೆಯಬೇಕು.

ಗ್ರೀಸು, ಡೀಸೆಲ್, ಡಿಪಿಎಫ್

ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು), ಕಿಂಗ್‌ಪಿನ್, ಸ್ಪ್ರಿಂಗಿನ ತುದಿ ತೂಗುವ ಶ್ಯಾಕಲ್‌ಗಳಲ್ಲಿ ಗ್ರೀಸ್ ಒತ್ತುವ ನಿಪ್ಪಲ್ ಇದ್ದರೆ 5,000 ಕಿಮೀಗೊಮ್ಮೆ ಗ್ರೀಸ್. ಕೆಸರಲ್ಲಿ ಓಡಿದರೆ ಅದಕ್ಕೂ ಮುಂಚೆ. ಹಳೇ ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಒತ್ತಬೇಕು. ಮೊದಲ ಗೇರಿನಲ್ಲಿ ಕ್ಲಚ್ ಬಿಟ್ಟ ಕೂಡಲೇ ಅಡಿಯಲ್ಲಿ ಟಕ್ ಎಂದರೆ ಕ್ರಾಸ್ ಸವೆದಿದೆ. ಡೀಸೆಲ್ ಫಿಲ್ಟರಿನ ಕೆಳಗಿನ ನೀರು ಬಿಡುವ ಸ್ಕ್ರೂ ಸಡಿಲಿಸಿ ತಿಂಗಳಿಗೊಮ್ಮೆಯಾದರೂ ನೀರು ತೆಗೆಯಿರಿ. ಕಾಮನ್‌ರೈಲ್ ಪಂಪು, ಇಂಜೆಕ್ಟರಿಗೆ ನೀರಿನಷ್ಟು ದೊಡ್ಡ ಶತ್ರು ಇಲ್ಲ.

2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗಳಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದ್ದರೆ ಆಯಿಲ್ ಕೂಡ ಅದಕ್ಕೆ ಹೊಂದುವ, ಮ್ಯಾನುವಲ್ ಹೇಳಿದ ಗ್ರೇಡಿನದೇ ಆಗಬೇಕು. ಹಳೆಯ ಗಾಡಿಗಳ ಆಯಿಲ್ ಹಾಕಿದರೆ ಅದರ ಬೂದಿ ಫಿಲ್ಟರಿನಲ್ಲಿ ಕಟ್ಟಿಕೊಳ್ಳುತ್ತದೆ. ದಿನವಿಡೀ ಪೇಟೆಯಲ್ಲಿ ಎರಡು ಮೂರು ಕಿಮೀ ಓಡಿ ನಿಲ್ಲುವ ಗಾಡಿಯಲ್ಲಿ ಮಸಿ ಸುಡುವಷ್ಟು ಶಾಖ ಬರುವುದಿಲ್ಲ. ಡಿಪಿಎಫ್ ದೀಪ ಹತ್ತಿದರೆ ಹೆದ್ದಾರಿಗೆ ಹೋಗಿ 15-20 ನಿಮಿಷ ಒಂದೇ ವೇಗದಲ್ಲಿ ಓಡಿಸಿ, ಆರಿಹೋಗುತ್ತದೆ. ದೀಪ ಮಿನುಗತೊಡಗಿದರೆ ಅಥವಾ ಇಂಜಿನ್ ಎಳೆಯದಂತಾದರೆ ಸರ್ವಿಸ್ ಸೆಂಟರಿನಲ್ಲೇ ಆ ಮಸಿ ಸುಡಿಸಬೇಕು. ಡಿಇಎಫ್ (ಹೊಗೆ ಶುದ್ಧ ಮಾಡುವ ಯೂರಿಯಾ ದ್ರವ) ಟ್ಯಾಂಕ್ ಇರುವ ಗಾಡಿಗೆ ಶೇ 32.5 ಯೂರಿಯಾದ, ಸೀಲ್ ಇರುವ ಕ್ಯಾನನ್ನೇ ಕೊಳ್ಳಿ. ಹೊಲಕ್ಕೆ ಹಾಕುವ ಯೂರಿಯಾವನ್ನು ನಲ್ಲಿ ನೀರಿನಲ್ಲಿ ಕದಡಿ ಸುರಿದರೆ ಇಂಜೆಕ್ಟರ್ ಕಟ್ಟಿಕೊಂಡು ಇಡೀ ವ್ಯವಸ್ಥೆಯೇ ಬದಲಾಯಿಸುವ ಹಾಗಾಗುತ್ತದೆ.