ಗೇಟಿನ ಹೊರಗೂ ಡ್ಯೂಟಿ ಉಂಟು: ಮಳೆಗಾಲದಲ್ಲಿ ಕೆಲಸಕ್ಕೆ ಹೋಗಿ ಬರುವವರಿಗೆ

ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಬೆಳಗ್ಗಿನ ಶಿಫ್ಟ್ ಶುರುವಾಗುವ ಹೊತ್ತಿಗೆ ಯಾವುದಾದರೂ ಗೇಟಿನ ಹತ್ತಿರ ಹತ್ತು ನಿಮಿಷ ನಿಂತು ನೋಡಿ. ಹೆದ್ದಾರಿಯಲ್ಲಿ ಪೂರ್ತಿ ಕೈಗೆ ನೇತುಹಾಕಿಕೊಂಡಿದ್ದ ಹೆಲ್ಮೆಟ್ ಗೇಟು ಕಂಡ ಕೂಡಲೇ ತಲೆಗೆ ಏರುತ್ತದೆ. ಇಲ್ಲದಿದ್ದರೆ ಸೆಕ್ಯುರಿಟಿಯವರು ಒಳಗೆ ಬಿಡುವುದಿಲ್ಲ ನೋಡಿ! ಅಂದರೆ 20 ಕಿಲೋಮೀಟರ್ ಲಾರಿಗಳ ಮಧ್ಯೆ ಬರಿ ತಲೆ, ಕೊನೆಯ 20 ಮೀಟರಿಗೆ ಹೆಲ್ಮೆಟ್. ನಾನು ಹೊಸಬರಿಗೆ ಸೇಫ್ಟಿ ಕ್ಲಾಸ್ ತೆಗೆದುಕೊಳ್ಳುವವನು. ಒಳಗಿನ ನಿಯಮ ಹೇಳಿದರೆ ಬರೆದುಕೊಳ್ಳುತ್ತಾರೆ, ದಾರಿಯ ಮಾತು ತೆಗೆದರೆ "ಅದೆಲ್ಲ ಗೊತ್ತುಂಟು ಸರ್" ಅಂತಾರೆ. ಹಾಗಾಗಿ ಇಲ್ಲಿ ದಾರಿಯದ್ದೇ ಜಾಸ್ತಿ.

ಮೊದಲು ಟೈರು. ಜೂನ್ ಮಳೆ ಹಿಡಿಯುವ ಮೊದಲೇ ನೋಡಿಕೊಳ್ಳಿ. ಟೈರಿನ ಗೀರುಗಳ ನಡುವೆ ಅಲ್ಲಲ್ಲಿ ಸಣ್ಣ ದಿಣ್ಣೆ ಇರುತ್ತದೆ, ಬೆರಳಲ್ಲಿ ಸವರಿದರೆ ಸಿಗುತ್ತದೆ. ಟೈರು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದಿದ್ದರೆ ಅದರ ಕೆಲಸ ಮುಗಿಯಿತು. ಕಾನೂನಿನಲ್ಲಿ ಕಾರಿಗೆ 1.6 ಮಿಲಿಮೀಟರ್, ಬೈಕಿಗೆ 0.8 ಮಿಲಿಮೀಟರ್ ಆಳ ಇರಬೇಕು ಅಂತ ಇದೆ. ಆದರೆ ನಮ್ಮ ಕರಾವಳಿಯ ಮಳೆಗೆ 0.8 ಏನಕ್ಕೂ ಸಾಕಾಗುವುದಿಲ್ಲ ಅಂತ ನನ್ನ ಅಭಿಪ್ರಾಯ. ಆ ಗೀರು ಇರುವುದೇ ನೀರನ್ನು ಆಚೆ ತಳ್ಳಲು, ಅದಿಲ್ಲದಿದ್ದರೆ ಟೈರು ನೀರಿನ ಮೇಲೆ ತೇಲುತ್ತದೆ, ನೀವು ಬ್ರೇಕ್ ಹಿಡಿದರೂ ಗಾಡಿಗೆ ಗೊತ್ತಾಗುವುದೇ ಇಲ್ಲ.

ಹೆಲ್ಮೆಟ್‌ಗೆ ಐಎಸ್‌ಐ ಗುರುತು ಇರಲಿ, ಪಟ್ಟಿ ಹಾಕಿ. ಪಟ್ಟಿ ಹಾಕದ ಹೆಲ್ಮೆಟ್ ನಿಮಗಿಂತ ಮೊದಲೇ ಹಾರಿ ಹೋಗುತ್ತದೆ. ಕಪ್ಪು ವೈಸರ್ ಮಳೆಗೂ ಬೇಡ, ರಾತ್ರಿಗೂ ಬೇಡ. ರೈನ್‌ಕೋಟ್ ಪ್ಯಾಂಟು-ಶರ್ಟಿನ ಹಾಗೆ ಎರಡು ಭಾಗ ಇರುವುದೇ ಒಳ್ಳೆಯದು. ಉದ್ದನೆಯದ್ದು ಗಾಳಿಗೆ ಹಾರಿ ಚಕ್ರಕ್ಕೆ ಸಿಗುತ್ತದೆ. ಹಿಂದೆ ಕೂತವರು ಕೊಡೆ ಬಿಡಿಸುವುದಂತೂ ಬೇಡವೇ ಬೇಡ.

ಇನ್ನು ರಸ್ತೆ. ಮೊದಲ ಮಳೆಯ ಮೊದಲ ಅರ್ಧ ಗಂಟೆ ತುಂಬಾ ಮೋಸದ್ದು. ಬೇಸಿಗೆಯಿಡೀ ರಸ್ತೆಗೆ ಬಿದ್ದ ಎಣ್ಣೆ, ಧೂಳು ಎಲ್ಲ ಆಗ ಮೇಲೆ ಬಂದು ನಿಲ್ಲುತ್ತದೆ. ಬಿಳಿ ಪಟ್ಟೆ, ಸೇತುವೆಯ ಕಬ್ಬಿಣದ ಜಾಯಿಂಟ್ ಕೂಡ ಜಾರುತ್ತವೆ. ಆದರೆ ಹೊರಗಿನಿಂದ ಬಂದವರಿಗೆ ಗೊತ್ತಿಲ್ಲದ್ದು ಇನ್ನೊಂದು ಉಂಟು: ಮೀನಿನ ನೀರು. ಮಲ್ಪೆ ಬಂದರಿನಿಂದಲೋ ಮಂಗಳೂರಿನ ಧಕ್ಕೆಯಿಂದಲೋ ಹೊರಟ ಮೀನಿನ ಲಾರಿಯಿಂದ ಐಸ್ ಕರಗಿ ಸೋರುತ್ತಾ ಹೋಗುತ್ತದೆ. ನೋಡಲು ಸುಮ್ನೆ ಒದ್ದೆ ರಸ್ತೆ, ಮುಟ್ಟಿದರೆ ಲೋಳೆ. ಕೂಳೂರು ಸೇತುವೆ ದಾಟಿದ ಮೇಲೆ ಒಮ್ಮೆ ನಾನೇ ಬಿದ್ದಿದ್ದೇನೆ. ಸ್ಪೀಡು 40 ಕೂಡ ಇರಲಿಲ್ಲ ಮಾರಾಯ್ರೆ. ಮುಂದಿನ ಬ್ರೇಕ್ ಮುಟ್ಟಿದ್ದಷ್ಟೇ ಗೊತ್ತು, ಆಮೇಲೆ ನಾನೊಂದು ಕಡೆ, ಸ್ಕೂಟರ್ ಒಂದು ಕಡೆ, ಬುತ್ತಿಯ ಸಾರು ಮತ್ತೊಂದು ಕಡೆ. ಮೊಣಕೈ ಗಾಯ ವಾರದಲ್ಲಿ ಒಣಗಿತು, ರೈನ್‌ಕೋಟಿನ ವಾಸನೆ ಚೌತಿಯವರೆಗೂ ಹೋಗಲಿಲ್ಲ. ಅದಕ್ಕೇ ಹೇಳುವುದು, ಸೋರುವ ಲಾರಿಯ ಹಿಂದೆ ಹೋಗಬೇಡಿ. ಅಂಥ ಜಾಗಕ್ಕೆ ಸಿಕ್ಕಿಯೇ ಬಿಟ್ಟರೆ ಬ್ರೇಕ್ ಹಿಡಿಯಬೇಡಿ, ಆಕ್ಸಿಲೇಟರ್ ಮೆಲ್ಲಗೆ ಬಿಡಿ, ಹ್ಯಾಂಡಲ್ ನೇರ ಇಟ್ಟು ದಾಟಿ.

ಮುಂದೆ ಹೋಗುವ ಗಾಡಿಗೂ ನಿಮಗೂ ಎಷ್ಟು ಅಂತರ? ಮುಂದಿನವರು ಒಂದು ಕಂಬ ದಾಟಿದಾಗ ಎಣಿಸಲು ಶುರು ಮಾಡಿ. ನಿಧಾನಕ್ಕೆ ನಾಲ್ಕು ಎಣಿಸಿದ ಮೇಲೆ ನೀವು ಆ ಕಂಬ ಮುಟ್ಟಬೇಕು. ಒಣ ರಸ್ತೆಯಾದರೆ ಮೂರು ಸಾಕು. ಮಧ್ಯೆ ಯಾರಾದರೂ ನುಗ್ಗುತ್ತಾರೆ, ನುಗ್ಗಲಿ, ಮತ್ತೆ ಎಣಿಸಿ.

ಜೋರು ಮಳೆಗೆ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸುವ ಅಭ್ಯಾಸ ನಮ್ಮಲ್ಲಿ ಎಲ್ಲಿಂದ ಬಂತೋ ಗೊತ್ತಿಲ್ಲ. ಅದು ನಿಂತ ಗಾಡಿಗೆ. ಓಡುವ ಗಾಡಿಯಲ್ಲಿ ಹಾಕಿದರೆ ನೀವು ಎಡಕ್ಕೋ ಬಲಕ್ಕೋ ಅಂತ ಹಿಂದಿನವನಿಗೆ ಹೇಗೆ ಗೊತ್ತಾಗಬೇಕು? ಹೆಡ್‌ಲೈಟ್ ಡಿಮ್‌ನಲ್ಲಿ ಹಾಕಿ. ಏನೂ ಕಾಣದಷ್ಟು ಮಳೆ ಬಂದರೆ ರಸ್ತೆಯಿಂದ ಪೂರ್ತಿ ಕೆಳಗಿಳಿದು ನಿಲ್ಲಿ, ಆಗ ಬೇಕಾದರೆ ನಾಲ್ಕೂ ಹಾಕಿ.

ಎಕ್ಸ್‌ಪ್ರೆಸ್ ಬಸ್ಸಿನ ಜೊತೆ ಪಂಥ ಬೇಡ. ಹಾರ್ನ್ ಕೇಳಿದರೆ ದಾರಿ ಬಿಡಿ, ಮರ್ಯಾದೆ ಏನೂ ಹೋಗುವುದಿಲ್ಲ. ಬಸ್ಸು ನಿಂತಿದ್ದರೆ ಎಡಗಡೆಯಿಂದ ನುಗ್ಗಬೇಡಿ, ಜನ ಇಳಿಯುವುದು ಅಲ್ಲೇ. ಯೂಟರ್ನ್ ದೂರ ಅಂತ ಹೆದ್ದಾರಿಯಲ್ಲಿ ಉಲ್ಟಾ ಬರುವವರಿಗೆ ನಾನು ಏನೂ ಹೇಳುವುದಿಲ್ಲ, ಅವರಿಗೂ ಗೊತ್ತುಂಟು.

ಫೋನಿನ ಲೆಕ್ಕ ಒಮ್ಮೆ ಹಾಕಿ ನೋಡಿ. 60ರ ಸ್ಪೀಡಿನಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಯಾರ ಕಾಲ್ ಅಂತ ಎರಡು ಸೆಕೆಂಡ್ ನೋಡಿದರೆ ಮೂರು ಬಸ್ಸು ಸಾಲಾಗಿ ನಿಲ್ಲಿಸಿದಷ್ಟು ದೂರ ಕಣ್ಣುಮುಚ್ಚಿ ಹೋದ ಹಾಗೆ. ಸೂಪರ್‌ವೈಸರ್‌ಗಳಿಗೂ ಒಂದು ಮಾತು. ಹುಡುಗರು ಐದು ನಿಮಿಷ ತಡವಾದರೆ "ಎಲ್ಲಿದ್ದೀಯಾ" ಅಂತ ಸಾಲು ಸಾಲು ಕಾಲ್ ಮಾಡುವುದು ಬಿಡಿ. ಅವನು ದಾರಿಯಲ್ಲೇ ಇರುತ್ತಾನೆ, ಇನ್ನೆಲ್ಲಿ?

ಗ್ಯಾಸ್ ಟ್ಯಾಂಕರ್ ಮಗುಚಿದ್ದು ಕಂಡರೆ ಹತ್ತಿರ ಹೋಗಬೇಡಿ, ವಿಡಿಯೋ ಬೇಡ. ಪೆರ್ನೆಯಲ್ಲಿ 2013ರಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿದ್ದನ್ನು ಈ ಕಡೆಯವರು ಮರೆತಿಲ್ಲ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಚರಂಡಿ ತಗ್ಗು ಹುಡುಕಿಕೊಂಡು ಹರಿಯುತ್ತದೆ. ಗಾಡಿ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಬೇಡಿ, ಗಾಳಿ ಬರುವ ದಿಕ್ಕಿಗೆ ಎತ್ತರದ ಜಾಗಕ್ಕೆ ನಡೆದು ಹೋಗಿ, ದೂರ ಹೋದ ಮೇಲೆ 112ಕ್ಕೆ ಫೋನ್ ಮಾಡಿ.

ರಾತ್ರಿ ಶಿಫ್ಟ್ ಮುಗಿಸಿ ಬರುವವರು, ಹಾಗೇ ಬೆಳಗಿನವರೆಗೆ ಆಟ ನೋಡಿ ನೇರ ಡ್ಯೂಟಿಗೆ ಹೊರಡುವವರು (ನನಗೂ ಯಕ್ಷಗಾನದ ಹುಚ್ಚು ಉಂಟು, ಬೈಯುತ್ತಿಲ್ಲ), ಕಣ್ಣು ಎಳೆದರೆ ಮುಖಕ್ಕೆ ನೀರು ಹಾಕಿಕೊಂಡು ಓಡಿಸಬೇಡಿ. ಒಂದು ಚಾ ಕುಡಿದು 20 ನಿಮಿಷ ಮಲಗಿ. ಇಲ್ಲವಾದರೆ ಬಸ್ಸು ಹಿಡಿಯಿರಿ.

ಗೇಟಿನ ಒಳಗಿನದ್ದು ಎರಡೇ ಮಾತು. ರಿವರ್ಸ್ ಬರುತ್ತಿರುವ ಲಾರಿಯ ಕನ್ನಡಿಯಲ್ಲಿ ಡ್ರೈವರ್ ಮುಖ ನಿಮಗೆ ಕಾಣದಿದ್ದರೆ, ನೀವೂ ಅವನಿಗೆ ಕಾಣುವುದಿಲ್ಲ. ಫೋರ್ಕ್‌ಲಿಫ್ಟಿನ ಎತ್ತಿದ ಫೋರ್ಕಿನ ಅಡಿಯಲ್ಲಿ ನುಸುಳಬೇಡಿ, ಖಾಲಿ ಇದ್ದರೂ.

ಇಷ್ಟಾದರೂ ಬಿದ್ದರೆ? ಆಂಬುಲೆನ್ಸಿಗೆ 108, ಹೆದ್ದಾರಿಯಾದರೆ 1033 ಕೂಡ ಇದೆ. ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್ ತಲೆನೋವು ಅಂತ ಹೆದರಬೇಡಿ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಸಹಾಯ ಮಾಡಿದವರಿಗೆ ರಕ್ಷಣೆ ಕೊಟ್ಟಿದ್ದಾರೆ. ಮತ್ತೆ ಇಎಸ್‌ಐ (ನೌಕರರ ಸರಕಾರಿ ವಿಮೆ) ಇರುವವರು ಒಂದು ವಿಷಯ ಗೊತ್ತಿಟ್ಟುಕೊಳ್ಳಿ. ಮನೆಯಿಂದ ಕೆಲಸಕ್ಕೆ ಹೋಗುವಾಗ ಅಥವಾ ವಾಪಸ್ ಬರುವಾಗ ಆದ ಅಪಘಾತವನ್ನೂ ಕೆಲಸದ ಮೇಲಿನ ಅಪಘಾತ ಅಂತ ಒಪ್ಪುವ ಕಲಂ 2010ರಲ್ಲೇ ಇಎಸ್‌ಐ ಕಾನೂನಿಗೆ ಸೇರಿದೆ. ಆದರೆ ಹೊತ್ತು, ಜಾಗ, ದಾರಿ ಕೆಲಸಕ್ಕೆ ಹೊಂದಬೇಕು. ಹಾಗಾಗಿ ಬಿದ್ದ ದಿನವೇ ಕಂಪನಿಗೆ ಬರಹದಲ್ಲಿ ತಿಳಿಸಿ, ಆಸ್ಪತ್ರೆಯ ಚೀಟಿ ಎತ್ತಿಡಿ, ಆ ದಿನದ ಶಿಫ್ಟ್ ಪಟ್ಟಿಯ ಫೋಟೋ ತೆಗೆದುಕೊಳ್ಳಿ. ನಾನು ಬಿದ್ದಾಗ ಇದು ಯಾವುದನ್ನೂ ಮಾಡಿರಲಿಲ್ಲ, ಸ್ಕೂಟರ್ ತಳ್ಳಿಕೊಂಡು ಹೋಗಿ ಪಂಚ್ ಮಾಡಿದೆ.