75 ಮೈಕ್ರೋವೋಲ್ಟ್ ಗೆರೆ ಅಳಿಸಿದ ಮೇಲೆ

ಎಪ್ಪತ್ತು ದಾಟಿದವರ ನಿದ್ದೆಯಲ್ಲಿ ನಿಧಾನ ಅಲೆಗಳನ್ನು, ಅಂದರೆ ಗಾಢ ನಿದ್ದೆಯಲ್ಲಿ ಮಿದುಳಿನಲ್ಲಿ ಏಳುವ ವಿದ್ಯುತ್ ಅಲೆಗಳನ್ನು, ಹುಡುಕುವುದು ದಂಡ ಎಂದು ಹೇಳಿದವರೇ ಈಗ ನಮ್ಮ ವಿಧಾನ ಕೇಳುತ್ತಿದ್ದಾರೆ. ಅಲೆಗಳು ಇವೆ, ಎತ್ತರ ಕುಗ್ಗಿರುತ್ತದೆ. ನಿದ್ದೆಯ ಹಂತಗಳನ್ನು ಗುರುತಿಸುವ 1968ರ ಸ್ಕೋರಿಂಗ್ ಕೈಪಿಡಿಯ 75 ಮೈಕ್ರೋವೋಲ್ಟ್ ಮಿತಿಯನ್ನೇ ಹಿಡಿದು ಕುಳಿತರೆ ಹಲವರ ರಾತ್ರಿಯಿಡೀ ಖಾಲಿಯಾಗಿ ಕಾಣುತ್ತದೆ. ನಾನು ಒಬ್ಬೊಬ್ಬರ ಅಲೆಗಳನ್ನೂ ಅವರವರ ಎತ್ತರದ ಪ್ರಕಾರ ಸಾಲಾಗಿಸಿ, ಮೇಲಿನ ಕಾಲುಭಾಗವನ್ನಷ್ಟೇ ಉಳಿಸಿಕೊಂಡೆ. ಹಾಗಾದರೆ ಮಿದುಳಿನದಲ್ಲದ ಸಂಕೇತಗಳ ಗದ್ದಲವೂ ನುಸುಳುವುದಿಲ್ಲವೇ ಎಂಬ ಆಕ್ಷೇಪ ಬಂತು. ನುಸುಳುತ್ತದೆ, ಮುಖ್ಯವಾಗಿ ಬೆವರಿನ ಏರಿಳಿತ. ಕೋಣೆಯನ್ನು ತಂಪಾಗಿಟ್ಟರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧವನ್ನು ಬೇರ್ಪಡಿಸುವ ಕ್ರಮವನ್ನು ನಮ್ಮ ಪ್ರಬಂಧ ಅಚ್ಚಾಗುವವರೆಗೆ ಹೇಳಲಾರೆ.

ದುಡ್ಡು ನುಂಗಿದ್ದು ಬಾಡಿಗೆಗೆ ತಂದ 64 ಚಾನೆಲ್ ಟೋಪಿ, ಅಂದರೆ ಮಿದುಳಿನ ಅಲೆ ದಾಖಲಿಸುವ ಎಲೆಕ್ಟ್ರೋಡ್‌ಗಳ ಟೋಪಿ. ಅನುದಾನದ ಮೂರನೇ ಒಂದು ಪಾಲು ಅದಕ್ಕೇ ಹೋಯಿತು. ಬಿಗಿಗೆ ಹಿರಿಯರು ಪದೇ ಪದೇ ಎದ್ದರು. ಮೂತ್ರಕ್ಕೆ ಎದ್ದಾಗಲೆಲ್ಲ ತಂತಿ ಜಗ್ಗಿತು. ಕೊನೆಗೆ ಹಣೆ, ನೆತ್ತಿ, ಕಿವಿಯ ಹಿಂದೆ, ಕಣ್ಣು, ಗದ್ದಕ್ಕೆ ಬಿಡಿ ಎಲೆಕ್ಟ್ರೋಡ್ ಅಂಟಿಸಿದೆ. ವಯಸ್ಸಾದವರ ಚರ್ಮ ತೆಳು, ಒಣ. ಜೋರಾಗಿ ಉಜ್ಜಿದರೆ ಬೆಳಿಗ್ಗೆ ಕೆಂಪು ಗುರುತು ಉಳಿಯುತ್ತದೆ. ಉಜ್ಜದೆಯೇ ಚರ್ಮ ಮತ್ತು ಎಲೆಕ್ಟ್ರೋಡ್ ನಡುವಿನ ವಿದ್ಯುತ್ ತಡೆಯನ್ನು 5 ಕಿಲೋಓಮ್‌ಗಿಂತ ಕೆಳಗೆ ಇಳಿಸುವುದು ನನ್ನ ಕೈಗುಣ ಎಂದು ಸಹೋದ್ಯೋಗಿಗಳೂ ಒಪ್ಪುತ್ತಾರೆ.

ಸಂಜೆ ಕಲಿತದ್ದು ನಿದ್ದೆಯ ನಂತರ ಎಷ್ಟು ಉಳಿಯುತ್ತದೆ ಎಂದು ನೋಡುವ ನೆನಪಿನ ಪರೀಕ್ಷೆಯಲ್ಲೂ ಇಂಥದೇ ತೊಡಕು. ಪದಜೋಡಿಗಳನ್ನು ಎಲ್ಲರಿಗೂ ಒಂದೇ ಸಲ ತೋರಿಸಿದರೆ ಹಿರಿಯರು ಸಂಜೆಯೇ ಹಿಂದೆ ಬೀಳುತ್ತಾರೆ. ಬೆಳಗಿನ ಅಂಕ ಕಲಿಕೆಯದೋ ಮರೆವಿನದೋ ತಿಳಿಯದು. ಹಾಗಾಗಿ ಶೇಕಡಾ 60ರಷ್ಟು ಸರಿಯಾಗುವವರೆಗೂ ಸಂಜೆ ಮತ್ತೆ ಮತ್ತೆ ಓದಿಸಿದೆ. ಕೆಲವರಿಗೆ ಎರಡು ಸುತ್ತು ಸಾಕಾಯಿತು, ಕೆಲವರಿಗೆ ಆರೇಳು ಬೇಕಾಯಿತು.

ಆಮೇಲೆ ಚಿತ್ರ ತಿಳಿಯಾಯಿತು. ಯುವಕರಲ್ಲಿ ಸ್ಪಿಂಡಲ್, ಅಂದರೆ ನಿದ್ದೆಯಲ್ಲಿ ಕ್ಷಣಕಾಲ ಬರುವ ವೇಗದ ಅಲೆಗಳ ಗೊಂಚಲು, ನಿಧಾನ ಅಲೆಯ ಶಿಖರದ ಹತ್ತಿರ ಬರುತ್ತದೆ. ಹಿರಿಯರಲ್ಲಿ ಅದಕ್ಕೂ ಮೊದಲೇ ಬಂದು ಹೋಗುತ್ತದೆ. 2018ರಲ್ಲಿ ಬರ್ಕ್ಲಿಯ ಸಂಶೋಧಕರು ಇದನ್ನು ತೋರಿಸಿದ್ದರು. ಮುಂಮಿದುಳಿನ ಒಳಭಾಗದ ಬೂದು ದ್ರವ್ಯ ಸವೆದಷ್ಟೂ ಹೊಂದಾಣಿಕೆ ಕೆಡುತ್ತದೆ ಎಂದೂ ಹೇಳಿದ್ದರು. ನಮ್ಮಲ್ಲೂ ಬೆಳಿಗ್ಗೆ ಹೆಚ್ಚು ಜೋಡಿ ಉಳಿಸಿಕೊಂಡವರು ಸ್ಪಿಂಡಲ್ ಶಿಖರಕ್ಕೆ ಹತ್ತಿರವಿದ್ದ ಹಿರಿಯರು. ಸ್ಪಿಂಡಲ್‌ಗಳ ಒಟ್ಟು ಸಂಖ್ಯೆಯಿಂದ ಇದನ್ನು ಊಹಿಸಲು ಆಗುತ್ತಿರಲಿಲ್ಲ.

ನಡುವೆ, ಅಲೆ ಏರುವಾಗ ಮಲಗಿದ್ದವರಿಗೆ 50 ಮಿಲಿಸೆಕೆಂಡಿನ ಪಿಂಕ್ ನಾಯ್ಸ್ (ಮಳೆಯ ಸದ್ದಿನಂಥ ಮೊರೆತ) ಕೇಳಿಸಿಯೂ ನೋಡಿದೆ. ಅಲೆ ಉಬ್ಬಿತು, ನೆನಪು ಅಷ್ಟಾಗಿ ಬದಲಾಗಲಿಲ್ಲ. ಇಬ್ಬರಿಗೆ ಸದ್ದು ಕೇಳಿಸಲೇ ಇಲ್ಲ, ಮೂರ್ನಾಲ್ಕು ಮಂದಿಗೆ ಎಚ್ಚರವಾಯಿತು. ಮುಂದಿನ ತಂಡಕ್ಕೆ ಮೊದಲು ಶ್ರವಣ ಪರೀಕ್ಷೆ, ಆಮೇಲೆ ಒಬ್ಬೊಬ್ಬರಿಗೂ ಪ್ರತ್ಯೇಕ ಧ್ವನಿಮಟ್ಟ.