ಸಿಂಗಪುರಕ್ಕೆ ಎಷ್ಟು ಗಂಟೆ? ಟಿಕೆಟ್ ನೋಡಿ ಮೋಸಹೋಗದಿರಿ

ದಾವಣಗೆರೆಯಿಂದ ಮಗನ ಮನೆಗೋ ಮಗಳ ಬಾಣಂತನಕ್ಕೋ ಸಿಂಗಪುರಕ್ಕೆ ಹೊರಟವರ ಟಿಕೆಟನ್ನು ಬೀದಿಯವರೆಲ್ಲ ಓದುತ್ತಾರೆ. 'ರಾತ್ರಿ 11ಕ್ಕೆ ಹತ್ತಿದರೆ ಬೆಳಿಗ್ಗೆ 6ಕ್ಕೆ ಇಳಿಯುತ್ತೀರಿ, 7 ಗಂಟೆಯ ಹಾರಾಟ' ಎಂದು ಯಾರೋ ಒಬ್ಬರು ತೀರ್ಪು ಕೊಟ್ಟೇಬಿಡುತ್ತಾರೆ. ತೀರ್ಪು ತಪ್ಪು.

ಮೊದಲು ದೂರ. ಬೆಂಗಳೂರಿನಿಂದ ಸಿಂಗಪುರಕ್ಕೆ ವಾಯುಮಾರ್ಗದಲ್ಲಿ ಸುಮಾರು 3,200 ಕಿ.ಮೀ. ಇಷ್ಟು ತಿಳಿದರೆ ಸಾಕು.

ನಂತರ ಸಮಯ. ಪ್ರಯಾಣಿಕ ಜೆಟ್ ವಿಮಾನ ಗಂಟೆಗೆ ಸುಮಾರು 850 ಕಿ.ಮೀ. ಹಾರುತ್ತದೆ ಎಂದಿಟ್ಟುಕೊಂಡು ಭಾಗಿಸಿ, ರನ್‌ವೇವರೆಗಿನ ಓಡಾಟ, ಏರುವುದು, ಇಳಿಯುವುದಕ್ಕೆಂದು ಅರ್ಧ ಮುಕ್ಕಾಲು ಗಂಟೆ ಸೇರಿಸಿ. ನಾಲ್ಕೂವರೆ ಗಂಟೆಯ ಆಸುಪಾಸಿಗೆ ಬರುತ್ತದೆ. ಅಂತರ್ಜಾಲದಲ್ಲಿ ಸಿಗುವ ಕೆಲವು ದೂರಮಾಪಕಗಳು ಬರೀ ಭಾಗಾಕಾರ ಮಾಡಿ ಕೈತೊಳೆದುಕೊಳ್ಳುತ್ತವೆ. ಗಾಳಿಯ ಲೆಕ್ಕವೂ ಅವುಗಳಲ್ಲಿ ಇರುವುದಿಲ್ಲ. ಉದಾಹರಣೆಗೆ, ಇಲ್ಲಿಂದ ಟೋಕಿಯೊಗೆ ಹೋಗುವಾಗ ಪಶ್ಚಿಮದಿಂದ ಬೀಸುವ ಮೇಲ್ಗಾಳಿ ಬೆನ್ನಿಗಿರುತ್ತದೆ, ಬರುವಾಗ ಎದುರಾಗುತ್ತದೆ. ಹಾಗಾಗಿ ಹೋಗಲು ಹಿಡಿದದ್ದಕ್ಕಿಂತ ವಾಪಸಾಗಲು ಒಂದು ಗಂಟೆಗೂ ಮಿಕ್ಕಿ ಜಾಸ್ತಿ ಕಾಲ ಬೇಕಾಗುತ್ತದೆ.

ಜನ ಎಡವುವುದು ಗಡಿಯಾರದಲ್ಲಿ. ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಎರಡನ್ನೂ ನೇರವಾಗಿ ಕಳೆಯಲೇಬಾರದು. ತಲುಪುವ ಸಮಯವನ್ನು ಮೊದಲು ನಮ್ಮ ಗಡಿಯಾರಕ್ಕೆ ತಂದುಕೊಳ್ಳಿ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಅಲ್ಲಿನ ಬೆಳಿಗ್ಗೆ 6 ಎಂದರೆ ಇಲ್ಲಿನ ನಸುಕಿನ 3:30. ರಾತ್ರಿ 11ರಿಂದ 3:30ಕ್ಕೆ ನಾಲ್ಕೂವರೆ ಗಂಟೆ, ಲೆಕ್ಕ ಕೂಡಿತು. ದುಬೈ ಇದಕ್ಕೆ ತಿರುಗುಮುರುಗು, ನಮಗಿಂತ ಒಂದೂವರೆ ಗಂಟೆ ಹಿಂದೆ. ಬೆಳಿಗ್ಗೆ 10ಕ್ಕೆ ಬೆಂಗಳೂರು ಬಿಟ್ಟು ಮಧ್ಯಾಹ್ನ 12:30ಕ್ಕೆ ಇಳಿದವರು ಎರಡೂವರೆ ಗಂಟೆಯಲ್ಲಿ ಹೋದೆವೆಂದು ಬೀಗುತ್ತಾರೆ. ಹಾರಿದ್ದು 4 ಗಂಟೆ.

ಶಾಲೆಯಲ್ಲಿ ಕಲಿತ 'ಒಂದು ರೇಖಾಂಶಕ್ಕೆ 4 ನಿಮಿಷ' ಸೂತ್ರವನ್ನು ಇಲ್ಲಿಗೆ ತರಬೇಡಿ. ನಮ್ಮ ಕಾಲಮಾನದ 82.5 ಡಿಗ್ರಿಯಿಂದ ಸಿಂಗಪುರದ 104ಕ್ಕೆ ಎಣಿಸಿದರೆ ಒಂದೂವರೆ ಗಂಟೆಯೂ ಆಗುವುದಿಲ್ಲ. ಗಡಿಯಾರವನ್ನು ನಿರ್ಧರಿಸುವುದು ಸರ್ಕಾರ. ಸಿಂಗಪುರ 1982ರ ಆರಂಭದಲ್ಲಿ ತನ್ನ ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿಕೊಂಡಿತು. ಮೊಬೈಲ್‌ನ ವಿಶ್ವ ಗಡಿಯಾರದಲ್ಲಿ ಎರಡೂ ಊರು ಹಾಕಿಕೊಳ್ಳಿ, ವಾದ ಮುಗಿಯುತ್ತದೆ.

ತಾರೀಖಿನದು ಇದಕ್ಕಿಂತ ದುಬಾರಿ ತಪ್ಪು. 15ನೇ ತಾರೀಖು 00:30 ಎಂದಿದ್ದರೆ 14ರ ರಾತ್ರಿಯೇ ನಿಲ್ದಾಣದಲ್ಲಿರಬೇಕು. 15ರ ರಾತ್ರಿ ಪೆಟ್ಟಿಗೆ ಸಮೇತ ಹೋದವರಿಗೆ ವಿಮಾನವೂ ಇಲ್ಲ, ಟಿಕೆಟ್ ಹಣವೂ ಇಲ್ಲ. ದಿನಾಂಕದ ಪಕ್ಕದಲ್ಲಿ ಪೆನ್ನಿನಿಂದ ವಾರದ ಹೆಸರನ್ನೂ ಬರೆದಿಡಿ.

ನಡುವೆ ವಿಮಾನ ಬದಲಿಸುವ ಅಗ್ಗದ ಟಿಕೆಟ್‌ಗಳಲ್ಲಿ 'ಒಟ್ಟು ಅವಧಿ' ಎಂದಿರುವುದರಲ್ಲಿ ಕಾಯುವ ಗಂಟೆಗಳೂ ಸೇರಿರುತ್ತವೆ. ವಯಸ್ಸಾದವರಿಗೆ ನೇರ ವಿಮಾನವನ್ನೇ ತೆಗೆಸಿ.

ಕೊನೆಯದು ನಮ್ಮ ರಸ್ತೆ. ರಾತ್ರಿ 11ರ ವಿಮಾನಕ್ಕೆ 8ಕ್ಕೆ ದೇವನಹಳ್ಳಿಯಲ್ಲಿರಬೇಕು. ಕಾರಿನಲ್ಲಿ ಹೋಗುವವರು ಮಧ್ಯಾಹ್ನ 1ಕ್ಕೆ ದಾವಣಗೆರೆ ಬಿಡಿ, ಚಿತ್ರದುರ್ಗದವರು 2ಕ್ಕೆ. ಬೆಂಗಳೂರಿನೊಳಗೆ ನುಗ್ಗದೆ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋಗಿ.